ಪೀತಬಿಂದು ಕ್ಷಯದ ಅವಸ್ಥೆಗಳಲ್ಲಿ ನೇತ್ರಲಕ್ಷಣಗಳ ತುಲನೆ

ಪೀಠಿಕೆ

ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ, ಮುಂಗಾರಿನ ತಿಂಗಳುಗಳಲ್ಲಿ ಗುಂಡ್ಲುಪೇಟೆಯನ್ನು ಹಾದುಹೋದವರು ಅಲ್ಲಿನ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳನ್ನು ಕಂಡೇ ಇರುತ್ತಾರೆ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳಲ್ಲಿ ಬೆಳೆಯುವ ಈ ಚೆಂಡುಹೂವೆಲ್ಲವೂ ದೇವರ ಪೂಜೆಗೋ ಹಬ್ಬದ ತೋರಣಕ್ಕೋ ಸಲ್ಲುವುದಿಲ್ಲ. ಅದರಲ್ಲಿ ಗಣನೀಯ ಭಾಗವನ್ನು ರೈತರು ಒಪ್ಪಂದದ ಮೇಲೆ ಬೆಳೆದು ವರ್ಣಕ ತೆಗೆಯುವ ಕಾರ್ಖಾನೆಗಳಿಗೆ ಒಪ್ಪಿಸುತ್ತಾರೆ. ಅಲ್ಲಿ ಹೂವನ್ನು ಗುಂಡಿಯಲ್ಲಿ ಅದುಮಿ ಹುದುಗಿಸಿ, ಹಿಂಡಿ ಒಣಗಿಸಿ, ಹೆಕ್ಸೇನ್ ಎಂಬ ದ್ರಾವಕದಿಂದ ಅದರ ಬಣ್ಣದ ಸಾರವನ್ನು ಬೇರ್ಪಡಿಸುತ್ತಾರೆ. ಈ ಸಾರದ ಮುಖ್ಯಾಂಶ ಲ್ಯೂಟಿನ್ ಎಂಬ ಹಳದಿ ವರ್ಣಕ. ಮೊಟ್ಟೆಯ ಭಂಡಾರಕ್ಕೆ ಗಾಢವಾದ ಬಣ್ಣ ಬರಲೆಂದು ಕೋಳಿಯ ಮೇವಿಗೆ ಇದನ್ನು ಹೇರಳವಾಗಿ ಬೆರೆಸುತ್ತಾರೆ. ಶುದ್ಧೀಕರಿಸಿದ ಒಂದಂಶ ಔಷಧದ ಅಂಗಡಿಯಲ್ಲಿ ಕಣ್ಣಿನ ಮಾತ್ರೆಯಾಗಿ ಮಾರಾಟವಾಗುತ್ತದೆ.

ಇದೇ ಲ್ಯೂಟಿನ್ ಮನುಷ್ಯನ ಕಣ್ಣಿನಲ್ಲಿಯೂ ಉಂಟು. ಕಣ್ಣಿನ ಹಿಂಭಿತ್ತಿಯ ನಡುವೆ ಸೂಕ್ಷ್ಮದೃಷ್ಟಿಗೆ ಆಧಾರವಾದ ಪುಟ್ಟ ಪ್ರದೇಶವೊಂದಿದೆ. ಅದಕ್ಕೆ ಹಳದಿ ಛಾಯೆಯನ್ನು ಕೊಡುವುದು ಈ ವರ್ಣಕ ಮತ್ತು ಇದರ ಸಂಬಂಧಿಗಳು. ಆದುದರಿಂದಲೇ ಆ ಪ್ರದೇಶಕ್ಕೆ ಪೀತಬಿಂದು ಎಂಬ ಹೆಸರು. ವೃದ್ಧಾಪ್ಯದಲ್ಲಿ ಈ ಪೀತಬಿಂದು ಶಿಥಿಲವಾಗಿ ನಡುದೃಷ್ಟಿ ನಶಿಸುವ ರೋಗವನ್ನು ವಯೋಸಂಬಂಧಿ ಪೀತಬಿಂದು ಕ್ಷಯವೆಂದು ಕರೆಯುತ್ತಾರೆ. 2020ರ ವೇಳೆಗೆ ಪ್ರಪಂಚದಲ್ಲಿ ಸುಮಾರು 19 ಕೋಟಿ 60 ಲಕ್ಷ ಜನರಲ್ಲಿ ಈ ರೋಗದ ಯಾವುದಾದರೊಂದು ಅವಸ್ಥೆ ಇರುವುದೆಂದೂ, 2040ಕ್ಕೆ ಆ ಸಂಖ್ಯೆ 28 ಕೋಟಿ 80 ಲಕ್ಷಕ್ಕೆ ಏರುವುದೆಂದೂ 2014ರಲ್ಲಿ ಅಂದಾಜು ಮಾಡಲಾಗಿತ್ತು.

ನಮ್ಮ ಹೊಲದ ಹೂವೇ ನಮ್ಮ ಹಿರಿಯರ ಕಣ್ಣಿಗೆ ಮದ್ದಾಗಬಾರದೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಈ ಭಾವನೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ರೋಗದ ಯಾವ ಅವಸ್ಥೆಯಲ್ಲಿ ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಬೇಕಾದರೆ ಅವಸ್ಥೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ಈ ಲೇಖನದಲ್ಲಿ ಅಂಥ ತುಲನೆಯನ್ನು ಮಾಡಲು ಯತ್ನಿಸಿದ್ದೇವೆ. ತುಲನೆಯಿಂದ ತೋರುವ ಮುಖ್ಯಾಂಶವನ್ನು ಮೊದಲೇ ಹೇಳಿಬಿಡುವುದು ಯುಕ್ತ: ವೈದ್ಯನು ಕಣ್ಣಿನೊಳಗೆ ಕಾಣುವ ರೋಗವೂ ರೋಗಿಯು ತನ್ನ ಅನುಭವದಿಂದ ಅರಿಯುವ ರೋಗವೂ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ.

ಪೀತಬಿಂದುವಿನ ರಚನೆ

ಕಣ್ಣಿನ ಒಳಭಿತ್ತಿಯನ್ನು ಆವರಿಸಿರುವ ಬೆಳಕಿನ ಗ್ರಾಹಕ ಪದರವೇ ಅಕ್ಷಿಪಟಲ. ಇದರಲ್ಲಿ ಎರಡು ಬಗೆಯ ಗ್ರಾಹಕ ಕೋಶಗಳಿವೆ. ಮಂದಪ್ರಕಾಶದಲ್ಲಿ ಕೆಲಸ ಮಾಡುವ ದಂಡಕೋಶಗಳು ಸುಮಾರು 9 ಕೋಟಿ. ಹಗಲಿನ ಬೆಳಕಿನಲ್ಲಿ ಬಣ್ಣವನ್ನೂ ಸೂಕ್ಷ್ಮವಿವರವನ್ನೂ ಗ್ರಹಿಸುವ ಶಂಕುಕೋಶಗಳು ಸುಮಾರು 45 ಲಕ್ಷ. ಪೀತಬಿಂದುವಿನ ವ್ಯಾಸ ಸುಮಾರು 5.5 ಮಿಲಿಮೀಟರು. ಅದರ ಮಧ್ಯದ ನಡುಗುಳಿಯಲ್ಲಿ ಶಂಕುಕೋಶಗಳು ಅತ್ಯಂತ ದಟ್ಟವಾಗಿವೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖವನ್ನು ಗುರುತಿಸುವುದು, ಇವೆಲ್ಲ ಈ ಪುಟ್ಟ ಸ್ಥಳದ ಕೆಲಸ. ದಾರಿ ಕಂಡು ನಡೆಯಲು ಸುತ್ತಲಿನ ಅಕ್ಷಿಪಟಲವೇ ಬಹುಮಟ್ಟಿಗೆ ಸಾಕು.

ಗ್ರಾಹಕ ಕೋಶಗಳ ಹಿಂದೆ ಕ್ರಮವಾಗಿ ಮೂರು ಪದರಗಳಿವೆ. ಮೊದಲನೆಯದು ವರ್ಣಕೋಶಗಳ ಪದರ. ಇದು ಗ್ರಾಹಕ ಕೋಶಗಳಿಗೆ ಪೋಷಣೆಯನ್ನು ಒದಗಿಸಿ, ಅವು ದಿನವೂ ಕಳಚುವ ಸವೆದ ತುದಿಗಳನ್ನು ನುಂಗಿ ಜೀರ್ಣಿಸುತ್ತದೆ. ಅದರ ಹಿಂದೆ ಬ್ರೂಖ್ ಪಟಲವೆಂಬ ತೆಳು ಜರಡಿ. ಅದಕ್ಕೂ ಹಿಂದೆ ರಕ್ತನಾಳಗಳ ದಟ್ಟ ಜಾಲ. ರಕ್ತದಿಂದ ಪೋಷಕಾಂಶಗಳು ಈ ಜರಡಿಯ ಮೂಲಕ ಮುಂದಕ್ಕೆ ಬರಬೇಕು, ಕಸವು ಇದರ ಮೂಲಕವೇ ಹಿಂದಕ್ಕೆ ಹೋಗಬೇಕು. ವಯಸ್ಸಾದಂತೆ ಈ ಜರಡಿಯಲ್ಲಿ ಕೊಬ್ಬಿನ ಅಂಶ ಸೇರಿಕೊಂಡು ಸಾಗಾಟ ನಿಧಾನವಾಗುತ್ತದೆ. ಸಾಗದ ಕಸವು ವರ್ಣಕೋಶಗಳ ತಳದಲ್ಲಿ ಹಳದಿ ಗುಳ್ಳೆಗಳಾಗಿ ನಿಲ್ಲುತ್ತದೆ. ಈ ಗುಳ್ಳೆಗಳಿಗೆ ಜರ್ಮನ್ ಮೂಲದ ಡ್ರೂಸನ್ ಎಂಬ ಹೆಸರು ರೂಢಿಯಲ್ಲಿದೆ. ರೋಗದ ಅವಸ್ಥೆಗಳನ್ನು ಗುರುತಿಸಲು ಇವೇ ಮೊದಲ ಆಧಾರ.

ಹೆಲ್ಮ್‌ಹೋಲ್ಟ್ಸನು 1851ರಲ್ಲಿ ನೇತ್ರದರ್ಶಕವನ್ನು ಪ್ರಕಟಿಸಿದ ಮೇಲೆ ಜೀವಂತ ಕಣ್ಣಿನಲ್ಲಿ ಇವನ್ನು ಕಾಣುವುದು ಸಾಧ್ಯವಾಯಿತು. 1961ರಲ್ಲಿ ಬಂದ ಫ್ಲೋರೆಸಿನ್ ಚಿತ್ರಣವು ನಾಳಗಳ ಸೋರಿಕೆಯನ್ನು ತೋರಿಸಿತು. 1991ರಲ್ಲಿ ಮೊದಲು ವರ್ಣಿತವಾದ ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿಯು, ಕಣ್ಣನ್ನು ಮುಟ್ಟದೆಯೇ, ಅಕ್ಷಿಪಟಲದ ಪದರಗಳನ್ನು ಅಡ್ಡವಾಗಿ ಕತ್ತರಿಸಿಟ್ಟಂತೆ ಕಾಣಿಸುತ್ತದೆ.

ಅವಸ್ಥೆಗಳ ವಿಂಗಡಣೆ

ಹಿಂದೆ ಬೇರೆ ಬೇರೆ ಪಂಡಿತರು ಬೇರೆ ಬೇರೆ ವಿಂಗಡಣೆಗಳನ್ನು ಬಳಸುತ್ತಿದ್ದುದರಿಂದ ಒಂದು ದೇಶದ ಅಂಕಿಗಳನ್ನು ಮತ್ತೊಂದು ದೇಶದವುಗಳೊಡನೆ ಹೋಲಿಸುವುದು ಕಷ್ಟವಾಗಿತ್ತು. 2013ರಲ್ಲಿ ಪ್ರಕಟವಾದ ಬೆಕ್‌ಮನ್ ವಿಂಗಡಣೆಯು ಈಗ ವ್ಯಾಪಕವಾಗಿ ಬಳಕೆಯಲ್ಲಿದೆ. ನಡುಗುಳಿಯ ಸುತ್ತ, ದೃಷ್ಟಿನರದ ಬಿಲ್ಲೆಯ ಎರಡು ವ್ಯಾಸಗಳಷ್ಟು ದೂರದೊಳಗೆ ಕಾಣುವ ಬದಲಾವಣೆಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಳತೆಯ ಮಾನ ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ವಿಂಗಡಣೆ ಹೀಗಿದೆ:

1. ಸಹಜ ವಾರ್ಧಕ್ಯ: 63 ಮೈಕ್ರಾನಿಗೆ ಮೀರದ ಸಣ್ಣ ಗುಳ್ಳೆಗಳು ಮಾತ್ರ. ಇದನ್ನು ರೋಗವೆಂದು ಎಣಿಸುವುದಿಲ್ಲ.

2. ಆರಂಭದ ಅವಸ್ಥೆ: 63ಕ್ಕೆ ಮೀರಿ 125 ಮೈಕ್ರಾನಿನವರೆಗಿನ ಮಧ್ಯಮ ಗುಳ್ಳೆಗಳು, ವರ್ಣಕೋಶಗಳ ಪದರದಲ್ಲಿ ವ್ಯತ್ಯಾಸವಿಲ್ಲ.

3. ಮಧ್ಯಮ ಅವಸ್ಥೆ: 125 ಮೈಕ್ರಾನಿಗೆ ಮೀರಿದ ದೊಡ್ಡ ಗುಳ್ಳೆಗಳು, ಅಥವಾ ವರ್ಣಕೋಶಗಳ ಪದರದಲ್ಲಿ ಕಪ್ಪು ಕೂಡಿಕೆ ಇಲ್ಲವೆ ಬಿಳಿಚು, ಅಥವಾ ಎರಡೂ.

4. ಕೊನೆಯ ಅವಸ್ಥೆ: ಇದು ಎರಡು ರೂಪಗಳಲ್ಲಿ ಬರುತ್ತದೆ. ಶುಷ್ಕರೂಪದಲ್ಲಿ ವರ್ಣಕೋಶಗಳ ಪದರವು ಸ್ಪಷ್ಟವಾದ ಅಂಚಿರುವ ತುಂಡುಗಳಾಗಿ ಅಳಿದುಹೋಗುತ್ತದೆ. ಆರ್ದ್ರರೂಪದಲ್ಲಿ ಹಿಂದಿನ ಜಾಲದಿಂದ ಹೊಸ ರಕ್ತನಾಳಗಳು ಬ್ರೂಖ್ ಪಟಲವನ್ನು ಭೇದಿಸಿ ಬೆಳೆದು, ನೀರನ್ನೂ ರಕ್ತವನ್ನೂ ಸೋರಿ, ಕಡೆಗೆ ಕಲೆಗಟ್ಟುತ್ತವೆ.

125 ಮೈಕ್ರಾನ್ ಎಂಬ ಗಡಿಗೆ ಒಂದು ಪ್ರಾಯೋಗಿಕ ಅನುಕೂಲವಿದೆ. ದೃಷ್ಟಿನರದ ಬಿಲ್ಲೆಯ ಅಂಚನ್ನು ದಾಟುವಲ್ಲಿ ಅಕ್ಷಿಪಟಲದ ದೊಡ್ಡ ಅಭಿಧಮನಿಯ ಅಗಲ ಸರಿಸುಮಾರು ಅಷ್ಟೇ ಇರುವುದರಿಂದ, ಅದನ್ನೇ ಅಳತೆಗೋಲಾಗಿಟ್ಟುಕೊಂಡು ಗುಳ್ಳೆಯ ಗಾತ್ರವನ್ನು ವೈದ್ಯನು ಕಣ್ಣಂದಾಜಿನಲ್ಲಿಯೇ ನಿರ್ಧರಿಸಬಲ್ಲ.

ಈ ಅವಸ್ಥೆಗಳು ಬರಿಯ ಹೆಸರುಗಳಲ್ಲ, ಮುಂದಿನ ಅಪಾಯದ ಅಳತೆಗಳೂ ಹೌದು. ಅಮೆರಿಕದ ಆರೆಡ್ಸ್ ಎಂಬ ದೊಡ್ಡ ಅಧ್ಯಯನದ ಆಧಾರದ ಮೇಲೆ 2005ರಲ್ಲಿ ಒಂದು ಸರಳ ಎಣಿಕೆಯನ್ನು ರೂಪಿಸಲಾಯಿತು. ಪ್ರತಿ ಕಣ್ಣಿನಲ್ಲಿಯೂ ದೊಡ್ಡ ಗುಳ್ಳೆಗಳಿಗೆ ಒಂದು ಅಂಕ, ವರ್ಣಕೋಶಗಳ ವ್ಯತ್ಯಾಸಕ್ಕೆ ಒಂದು ಅಂಕ. ಎರಡು ಕಣ್ಣುಗಳಿಗೆ ಸೇರಿ ಒಟ್ಟು ನಾಲ್ಕು. ಸೊನ್ನೆ ಅಂಕವಿರುವವರಲ್ಲಿ ಐದು ವರ್ಷಗಳೊಳಗೆ ಕೊನೆಯ ಅವಸ್ಥೆಗೆ ಹೋಗುವವರು ನೂರಕ್ಕೆ 0.5; ಒಂದು ಅಂಕಕ್ಕೆ 3; ಎರಡಕ್ಕೆ 12; ಮೂರಕ್ಕೆ 25; ನಾಲ್ಕಕ್ಕೆ 50. ಅಂಕವೇರಿದಂತೆ ಅಪಾಯವು ಸಮನಾದ ಮೆಟ್ಟಿಲುಗಳಲ್ಲಿ ಏರದೆ ಕಡಿದಾಗಿ ಏರುವುದನ್ನು ಗಮನಿಸಬೇಕು.

ದೃಷ್ಟಿಯ ಲಕ್ಷಣಗಳ ತುಲನೆ

ಇನ್ನು ರೋಗಿಯ ಅನುಭವವನ್ನು ಇದೇ ಅವಸ್ಥೆಗಳ ಪಕ್ಕದಲ್ಲಿಟ್ಟು ನೋಡೋಣ. ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಪಟದಿಂದ ಅಳೆಯುವ ದೃಷ್ಟಿತೀಕ್ಷ್ಣತೆಯು ಆರಂಭದ ಅವಸ್ಥೆಯಲ್ಲಿ ಸಾಮಾನ್ಯವಾಗಿ ಕುಂದುವುದಿಲ್ಲ. ಮಧ್ಯಮ ಅವಸ್ಥೆಯಲ್ಲಿಯೂ ಅನೇಕರಲ್ಲಿ ಅದು ಸಹಜಕ್ಕೆ ಹತ್ತಿರವಾಗಿಯೇ ಇರುತ್ತದೆ. ಎಂದರೆ, ಐದು ವರ್ಷಗಳಲ್ಲಿ ನೂರಕ್ಕೆ 50ರ ಅಪಾಯವನ್ನು ಎರಡು ಕಣ್ಣುಗಳಲ್ಲಿ ಹೊತ್ತಿರುವ ವ್ಯಕ್ತಿಯು ಪತ್ರಿಕೆಯನ್ನು ನಿರಾಯಾಸವಾಗಿ ಓದುತ್ತಿರಬಹುದು.

ಹಾಗಾದರೆ ಮುನ್ಸೂಚನೆಯೇ ಇಲ್ಲವೆ? ಉಂಟು, ಆದರೆ ಅದು ನಾವು ಹುಡುಕುವ ಸ್ಥಳದಲ್ಲಿಲ್ಲ. ಈ ರೋಗದಲ್ಲಿ ಶಂಕುಕೋಶಗಳಿಗಿಂತ ಮೊದಲು ನಡುಗುಳಿಯ ಸುತ್ತಲಿನ ದಂಡಕೋಶಗಳು ಬಳಲುತ್ತವೆ. ಪ್ರಖರವಾದ ಬೆಳಕಿನಲ್ಲಿ ಕ್ಷಯಿಸಿದ ದೃಷ್ಟಿದ್ರವ್ಯವನ್ನು ಪುನಃ ತುಂಬಿಕೊಳ್ಳಲು ಅವಕ್ಕೆ ಎ ಜೀವಸತ್ವ ಬೇಕು. ಅದು ರಕ್ತದಿಂದ ಬ್ರೂಖ್ ಪಟಲವನ್ನೂ ವರ್ಣಕೋಶಗಳನ್ನೂ ದಾಟಿಯೇ ಬರಬೇಕು. ಜರಡಿ ಕಟ್ಟಿದ್ದರೆ ಪೂರೈಕೆ ತಡವಾಗುತ್ತದೆ. ಆದುದರಿಂದ ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳುವ ಅವಧಿಯು ಆರಂಭ ಮತ್ತು ಮಧ್ಯಮ ಅವಸ್ಥೆಗಳಲ್ಲಿಯೇ ದೀರ್ಘವಾಗುತ್ತದೆ. ಮಧ್ಯಾಹ್ನದ ಬಿಸಿಲಿನಿಂದ ನಡುಮನೆಗೆ ಬಂದ ವೃದ್ಧರು ಕಂಬ ಹಿಡಿದು ಬಹಳ ಹೊತ್ತು ನಿಲ್ಲುವುದು, ಮುಚ್ಚಂಜೆಯಲ್ಲಿ ಮೆಟ್ಟಿಲಿಳಿಯಲು ಅಂಜುವುದು, ಮಂದದೀಪದಲ್ಲಿ ಓದಲಾರದೆ ಕಿಟಕಿಯ ಬಳಿಗೆ ಹೋಗುವುದು, ಇವಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಇವನ್ನು ಬರಿಯ ಮುಪ್ಪೆಂದು ತಳ್ಳಿಹಾಕುವುದು ತಕ್ಕುದಲ್ಲ. ಬೂದು ಬಣ್ಣವನ್ನು ಬಿಳುಪಿನಿಂದ ಬೇರೆಯಾಗಿ ಗುರುತಿಸುವ ಶಕ್ತಿಯೂ ಈ ಅವಸ್ಥೆಗಳಲ್ಲಿ ಕುಂದಬಹುದು.

ಕೊನೆಯ ಅವಸ್ಥೆಯ ಎರಡು ರೂಪಗಳ ಅನುಭವವೂ ಒಂದೇ ಅಲ್ಲ. ಶುಷ್ಕರೂಪವು ವರ್ಷಗಳ ಕಾಲ ಮೆಲ್ಲಮೆಲ್ಲನೆ ಹರಡುತ್ತದೆ. ಅನೇಕರಲ್ಲಿ ಅದು ನಡುಗುಳಿಯನ್ನು ಕಡೆಯವರೆಗೆ ಬಿಟ್ಟು ಸುತ್ತಲೂ ಬಳಸುತ್ತದೆ. ಅಂಥವರು ಪಟದ ಸಣ್ಣ ಅಕ್ಷರವನ್ನು ಓದಿಯಾರು. ಆದರೆ ಉದ್ದ ಪದದ ಮುಂದಿನ ಅಕ್ಷರ ಕುರುಡುಭಾಗದಲ್ಲಿ ಬಿದ್ದು ಸಾಲು ತಪ್ಪುತ್ತದೆ. ಆರ್ದ್ರರೂಪವಾದರೋ ದಿನಗಳಲ್ಲಿ, ವಾರಗಳಲ್ಲಿ ಬರುತ್ತದೆ. ನೇರವಾದ ಬಾಗಿಲ ಚೌಕಟ್ಟು ಡೊಂಕಾಗಿ ಕಾಣುವುದು, ನೋಟದ ನಡುವೆ ಕಪ್ಪು ಮಚ್ಚೆ ನಿಲ್ಲುವುದು ಇದರ ಗುರುತು. ಏಷ್ಯಾದ ಜನರಲ್ಲಿ ಈ ರೂಪದ ಒಂದು ಪ್ರಭೇದ, ನಾಳಗಳ ತುದಿ ಬುಗ್ಗೆಗಟ್ಟುವಂಥದು, ಯುರೋಪಿನವರಿಗಿಂತ ಹೆಚ್ಚಾಗಿ ಕಂಡುಬರುತ್ತದೆ.

ಎರಡು ರೂಪಗಳಲ್ಲಿಯೂ ಅಂಚಿನ ದೃಷ್ಟಿ ಉಳಿಯುವುದರಿಂದ ಮನೆಯವರಿಗೆ ಒಂದು ವಿಚಿತ್ರ ತೋರುತ್ತದೆ. ಎದುರು ನಿಂತ ಮೊಮ್ಮಗನ ಮುಖವನ್ನರಿಯದ ಅಜ್ಜಿಗೆ ಮೂಲೆಯ ಊರುಗೋಲು ಕಾಣಿಸುತ್ತದೆ. ಕಂಡೂ ಕಾಣದಂತೆ ನಟಿಸುವರೆಂಬ ಅಪವಾದ ಆಕೆಗೆ ತಪ್ಪದು. ಮತ್ತೆ ಕೆಲವರಿಗೆ ಇಲ್ಲದ ಮನುಷ್ಯರೂ ಹೂಬಳ್ಳಿಗಳೂ ಕಾಣುವುದುಂಟು. ಸ್ವಿಟ್ಸರ್ಲೆಂಡಿನ ಷಾರ್ಲ್ ಬಾನೆ ಎಂಬ ಪಂಡಿತನು 1760ರಲ್ಲಿ ತನ್ನ ಅಜ್ಜನ ಇಂಥ ಅನುಭವವನ್ನು ವರ್ಣಿಸಿದನು. ಇದು ಬುದ್ಧಿಭ್ರಮಣೆಯೂ ಅಲ್ಲ, ಗಾಳಿಸೋಂಕೂ ಅಲ್ಲ. ಕಣ್ಣಿನಿಂದ ಸುದ್ದಿ ಬಾರದಿದ್ದಾಗ ಮಿದುಳು ತಾನೇ ಚಿತ್ರಗಳನ್ನು ಕಲ್ಪಿಸಿಕೊಳ್ಳುವ ಕ್ರಿಯೆ. ಇಷ್ಟನ್ನು ತಿಳಿಸಿ ಹೇಳಿದರೆ ರೋಗಿಯ ಭಯ ಎಷ್ಟೋ ಕಳೆಯುತ್ತದೆ.

ಪೊರೆಯೊಡನೆ ಬೆರೆಯುವ ಗೊಂದಲ

ಕರ್ನಾಟಕದ ಹಳ್ಳಿಗಳಲ್ಲಿ ವೃದ್ಧರ ಕಣ್ಣು ಮಂಜಾದರೆ ಪೊರೆ ಬಂದಿದೆ ಎಂದೇ ಹೇಳುವ ವಾಡಿಕೆ. ಇದಕ್ಕೆ ಕಾರಣವಿದೆ. ಪೊರೆಯೇ ನಿಜವಾಗಿ ಅತ್ಯಂತ ಸಾಮಾನ್ಯವಾದ ಕಾರಣ. ಅದಕ್ಕೆ ಶಸ್ತ್ರಚಿಕಿತ್ಸೆಯ ಪರಿಹಾರವುಂಟು. ಡಾ. ಎಂ. ಸಿ. ಮೋದಿಯವರಂಥವರು ನಡೆಸಿದ ನೇತ್ರಶಿಬಿರಗಳೂ, 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಈ ತಿಳಿವನ್ನು ಮನೆಮನೆಗೆ ಮುಟ್ಟಿಸಿದವು. ಆದರೆ ಪೊರೆ ಕಣ್ಣಿನ ಮುಂಭಾಗದ ಮಸೂರದ ದೋಷ, ಪೀತಬಿಂದು ಕ್ಷಯ ಹಿಂಭಾಗದ ಅಕ್ಷಿಪಟಲದ ದೋಷ. ಪೊರೆಯಲ್ಲಿ ನೋಟವೆಲ್ಲವೂ ಮಂಜಾಗುತ್ತದೆ. ಪೀತಬಿಂದು ಕ್ಷಯದಲ್ಲಿ ನಡುವೆ ಮಾತ್ರ ಕೆಡುತ್ತದೆ. ಮೊದಲನೆಯದರಲ್ಲಿ ಕಳೆದ ದೃಷ್ಟಿ ಮರಳುತ್ತದೆ. ಎರಡನೆಯದರಲ್ಲಿ ಅಳಿದ ಕೋಶಗಳು ಮರಳುವುದಿಲ್ಲ.

ಎರಡೂ ಮುಪ್ಪಿನ ರೋಗಗಳಾದುದರಿಂದ ಒಂದೇ ಕಣ್ಣಿನಲ್ಲಿ ಕೂಡಿಬರಬಹುದು. ಆಗ ಮುಂದಿನ ಪೊರೆಯು ಹಿಂದಿನ ರೋಗವನ್ನು ವೈದ್ಯನಿಂದಲೂ ಮರೆಮಾಡುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಮತ್ತು ದಕ್ಷಿಣದ ಅರವಿಂದ ಕಣ್ಣಿನ ಆಸ್ಪತ್ರೆ ಭಾಗವಹಿಸಿದ ಇಂಡ್‌ಐ ಅಧ್ಯಯನವು 60 ವರ್ಷ ಮೀರಿದವರನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿತು. ಕೊನೆಯ ಅವಸ್ಥೆಯು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಯಲ್ಲಿ ಕಂಡಿತು. ಆದರೆ ಬಹಳ ಮಂದಿಯ ಅಕ್ಷಿಪಟಲದ ಚಿತ್ರಗಳನ್ನು, ಮುಖ್ಯವಾಗಿ ಪೊರೆಯ ದೆಸೆಯಿಂದ, ವಿಂಗಡಿಸಲಾಗಲೇ ಇಲ್ಲ. ನಮ್ಮ ದೇಶದಲ್ಲಿ ಈ ರೋಗ ಅಲ್ಪವೆಂದು ತೋರುವಾಗ ಈ ಮರೆಯನ್ನು ನೆನಪಿನಲ್ಲಿಡಬೇಕು. ಪೊರೆ ತೆಗೆದ ಮೇಲೂ ನಡುನೋಟ ಮರಳದಿದ್ದರೆ ಮನೆಯವರು ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಬಗೆದು ಮತ್ತೆ ವೈದ್ಯನ ಬಳಿಗೆ ಹೋಗದೆ ಉಳಿಯುವುದುಂಟು. ಕಣ್ಣಿನ ಹಿಂಭಾಗವನ್ನು ನೋಡಿಸಬೇಕಾದುದು ಆಗಲೇ.

ಪೀತವರ್ಣಕದ ಪಾತ್ರ

ಈಗ ಚೆಂಡುಹೂವಿನ ಪ್ರಶ್ನೆಗೆ ಮರಳಬಹುದು. ಪೀತಬಿಂದುವಿನ ವರ್ಣಕವು ಕ್ಸಾಂತೊಫಿಲ್ ವರ್ಗದ್ದೆಂದು 1945ರಲ್ಲಿ ಜಾರ್ಜ್ ವಾಲ್ಡ್ ತೋರಿಸಿದನು. ಅದರಲ್ಲಿ ಲ್ಯೂಟಿನ್ ಮತ್ತು ಜಿಯಾಜಾಂತಿನ್ ಇರುವುದು 1985ರ ವೇಳೆಗೆ ಖಚಿತವಾಯಿತು. ಕಣ್ಣಿನಲ್ಲಿರುವ ಇದರ ಮೊತ್ತ ಒಂದು ಮೈಕ್ರೋಗ್ರಾಮಿಗಿಂತಲೂ ಕಡಿಮೆ. ಅಷ್ಟರಿಂದಲೇ ಇದು ನೀಲಿ ಬೆಳಕನ್ನು ಹೀರಿ ಗ್ರಾಹಕ ಕೋಶಗಳಿಗೆ ಸೋಸುಗಾಜಾಗುತ್ತದೆ, ಆಕ್ಸಿಜನ್ನಿನ ಉಗ್ರ ಕಣಗಳನ್ನು ತಣಿಸುತ್ತದೆ. ಮನುಷ್ಯದೇಹ ಇದನ್ನು ತಾನೇ ತಯಾರಿಸಲಾರದು, ಆಹಾರದಿಂದಲೇ ಬರಬೇಕು.

ಆರೆಡ್ಸ್ ಅಧ್ಯಯನದ 2001ರ ವರದಿಯಂತೆ, ಸಿ ಮತ್ತು ಇ ಜೀವಸತ್ವ, ಬೀಟಾ ಕ್ಯಾರೊಟಿನ್, ಸತು ಮತ್ತು ತಾಮ್ರಗಳ ಮಿಶ್ರಣವನ್ನು ಪಡೆದವರಲ್ಲಿ ಐದು ವರ್ಷಗಳೊಳಗೆ ನೂರಕ್ಕೆ 20 ಮಂದಿ ಕೊನೆಯ ಅವಸ್ಥೆಗೆ ಹೋದರೆ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ 28 ಮಂದಿ ಹೋದರು. ಈ ಅಂಕಿ ಮಧ್ಯಮ ಅವಸ್ಥೆಯವರಿಗೂ ಒಂದು ಕಣ್ಣಿನಲ್ಲಿ ರೋಗ ಬಲಿತು ಇನ್ನೊಂದು ಉಳಿದಿದ್ದವರಿಗೂ ಮಾತ್ರ ಸಲ್ಲುತ್ತದೆ. ಆರಂಭದ ಅವಸ್ಥೆಯವರಲ್ಲಿ ಐದು ವರ್ಷಗಳಲ್ಲಿ ಕೊನೆಗೆ ಮುಟ್ಟಿದವರು ನೂರಕ್ಕೆ 1.3 ಮಾತ್ರವಾದುದರಿಂದ ಅಲ್ಲಿ ಮಾತ್ರೆಯ ಪ್ರಯೋಜನ ಕಾಣಲಿಲ್ಲ.

2013ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ ಲ್ಯೂಟಿನ್ 10 ಮಿಲಿಗ್ರಾಮು, ಜಿಯಾಜಾಂತಿನ್ 2 ಮಿಲಿಗ್ರಾಮು ದಿನವಹಿ ಕೊಟ್ಟು ನೋಡಿದರು. ಹಳೆಯ ಮಿಶ್ರಣದ ಮೇಲೆ ಇವನ್ನು ಸೇರಿಸಿದುದರಿಂದ ಒಟ್ಟಿನಲ್ಲಿ ಹೆಚ್ಚಿನ ಲಾಭ ಸಿದ್ಧವಾಗಲಿಲ್ಲ. ಆದರೆ ಬೀಟಾ ಕ್ಯಾರೊಟಿನ್ ಧೂಮಪಾನ ಮಾಡಿದ್ದವರಲ್ಲಿ ಶ್ವಾಸಕೋಶದ ಅರ್ಬುದವನ್ನು ಹೆಚ್ಚಿಸುವುದು ಕಂಡುಬಂದುದರಿಂದ, ಅದರ ಸ್ಥಾನಕ್ಕೆ ಲ್ಯೂಟಿನ್ ಮತ್ತು ಜಿಯಾಜಾಂತಿನ್ ಬಂದವು. 2022ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಫಲಿತಾಂಶವೂ ಈ ಬದಲಾವಣೆಯನ್ನು ಸಮರ್ಥಿಸಿತು. ಚೆಂಡುಹೂವಿನ ಲ್ಯೂಟಿನ್ನಿಗೆ ಸಲ್ಲುವ ಸ್ಥಾನ ಇದು: ಮಧ್ಯಮ ಅವಸ್ಥೆಯಲ್ಲಿ, ವೈದ್ಯನ ಸಲಹೆಯಂತೆ, ಒಂದು ಮಿಶ್ರಣದ ಭಾಗವಾಗಿ, ರೋಗದ ನಡಿಗೆಯನ್ನು ನಿಧಾನಗೊಳಿಸುವ ದ್ರವ್ಯ. ಅದು ಗುಳ್ಳೆಗಳನ್ನು ಕರಗಿಸುವುದಿಲ್ಲ, ಕಳೆದ ದೃಷ್ಟಿಯನ್ನು ತರುವುದಿಲ್ಲ. ಹೂವನ್ನೇ ಅರೆದು ಕುಡಿಯುವುದು ಇದಕ್ಕೆ ಬದಲಿಯಲ್ಲ.

ಆಹಾರದ ಮಾತು ಬೇರೆ. ಹಸಿರು ಸೊಪ್ಪುಗಳಲ್ಲಿ ಲ್ಯೂಟಿನ್ ಸಮೃದ್ಧವಾಗಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಸೊಪ್ಪುಗಳ ಲ್ಯೂಟಿನ್ನನ್ನೂ ದೇಹವು ಅದನ್ನು ಹೀರುವ ಬಗೆಯನ್ನೂ ಕುರಿತು ಸಂಶೋಧನೆ ನಡೆದಿದೆ. ಲ್ಯೂಟಿನ್ ಕೊಬ್ಬಿನಲ್ಲಿ ಕರಗುವ ವಸ್ತುವಾದುದರಿಂದ ಸೊಪ್ಪಿಗೆ ಸ್ವಲ್ಪ ಎಣ್ಣೆಯ ಒಗ್ಗರಣೆ ಬೇಕು. ಮುದ್ದೆಯ ಜೊತೆಗೆ ಉಪ್ಸಾರು, ಸೊಪ್ಪಿನ ಪಲ್ಯ ಉಣ್ಣುವ ಈ ಸೀಮೆಯ ರೂಢಿಯನ್ನು ಬಿಡದಿರುವುದು ಲೇಸು. ಧೂಮಪಾನವನ್ನಂತೂ ಯಾವ ಅವಸ್ಥೆಯಲ್ಲಾದರೂ ಬಿಡಬೇಕು. ಮನುಷ್ಯನ ಕೈಯಲ್ಲಿರುವ ಅಪಾಯಕಾರಣಗಳಲ್ಲಿ ಅದೇ ದೊಡ್ಡದು; ಬೀಡಿಗೂ ಈ ಮಾತು ಸಲ್ಲುತ್ತದೆ.

ಆರ್ದ್ರರೂಪಕ್ಕೆ ಬೇರೆಯೇ ಚಿಕಿತ್ಸೆಯಿದೆ. ಹೊಸ ನಾಳಗಳನ್ನು ಬೆಳೆಸುವ ದ್ರವ್ಯವನ್ನು ತಡೆಯುವ ಔಷಧಗಳನ್ನು 2006ರ ಈಚೆಗೆ ಕಣ್ಣಿನೊಳಕ್ಕೆ ಚುಚ್ಚಿ ಕೊಡುತ್ತಿದ್ದಾರೆ. ಇವು ಅನೇಕರ ದೃಷ್ಟಿಯನ್ನು ಉಳಿಸಿವೆ; ಆದರೆ ಕಲೆಗಟ್ಟುವ ಮೊದಲೇ ಆರಂಭಿಸಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮುಂದುವರಿಸಬೇಕು. ಶುಷ್ಕರೂಪದ ಹರಡುವಿಕೆಯನ್ನು ನಿಧಾನಿಸುವ ಎರಡು ಔಷಧಗಳಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅವೂ ಹೋದುದನ್ನು ತಂದುಕೊಡಲಾರವು.

ಉಪಸಂಹಾರ

ಮೇಲಿನ ತುಲನೆಯ ತಾತ್ಪರ್ಯ ಸ್ಪಷ್ಟವಾಗಿದೆ. ಮಾತ್ರೆಯಿಂದ ಪ್ರಯೋಜನ ಸಿದ್ಧಪಟ್ಟಿರುವ ಮಧ್ಯಮ ಅವಸ್ಥೆಯಲ್ಲಿ ರೋಗಿಗೆ ದೂರಿಲ್ಲ. ದೂರು ಬಲವಾಗುವ ಕೊನೆಯ ಅವಸ್ಥೆಯಲ್ಲಿ ಕಾಲ ಅಲ್ಪ. ಕಣ್ಣು ಕಾಣುತ್ತಿಲ್ಲವೆಂದು ಹೇಳುವವರೆಗೆ ಕಾಯುವ ಪದ್ಧತಿಯು ಪೊರೆಗೆ ಸಾಕಾದೀತು, ಪೀತಬಿಂದುವಿಗೆ ಸಾಲದು. ಚಾಮರಾಜನಗರದಿಂದಲಾಗಲಿ ಗುಂಡ್ಲುಪೇಟೆಯಿಂದಲಾಗಲಿ ಮೈಸೂರು ಸುಮಾರು 60 ಕಿಲೋಮೀಟರು. ತಿಂಗಳುಗಟ್ಟಲೆ ಚುಚ್ಚುಮದ್ದಿಗಾಗಿ ವೃದ್ಧರನ್ನು ಅಷ್ಟು ದೂರ ಕರೆದೊಯ್ಯುವುದಕ್ಕಿಂತ, 55 ಮೀರಿದವರ ಕಣ್ಣಿನ ಹಿಂಭಾಗವನ್ನು ಆಗಾಗ ಪರೀಕ್ಷಿಸಿಡುವುದು ಸುಲಭ. ಪೊರೆಗಾಗಿ ಬಂದವರ ಅಕ್ಷಿಪಟಲವನ್ನೂ, ಕಾಣುವಂತಿದ್ದರೆ, ಆಗಲೇ ನೋಡಬಹುದು. ಚಾಮರಾಜನಗರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿರುವುದರಿಂದ ಈ ಜಿಲ್ಲೆಯ ಜನರ ಕಣ್ಣುಗಳ ಕ್ರಮಬದ್ಧ ಅಧ್ಯಯನವು ಇಲ್ಲಿಯೇ ನಡೆಯಲೆಂದು ಆಶಿಸಬಹುದು.

ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಸರಳ ಕಾರ್ಯವೊಂದಿದೆ. ಸ್ವಿಟ್ಸರ್ಲೆಂಡಿನ ನೇತ್ರವೈದ್ಯ ಮಾರ್ಕ್ ಆಮ್ಸ್ಲರ್ ರೂಪಿಸಿದ ಚೌಕಪಟವನ್ನು ಗ್ರಾಫ್ ಹಾಳೆಯ ಮೇಲೆ ಯಾರಾದರೂ ಬರೆದುಕೊಳ್ಳಬಹುದು: 10 ಸೆಂಟಿಮೀಟರಿನ ಚೌಕ, ಒಳಗೆ 5 ಮಿಲಿಮೀಟರಿನ ಮನೆಗಳು, ನಡುವೆ ಒಂದು ಚುಕ್ಕೆ. ಓದುವ ಕನ್ನಡಕವನ್ನು ಹಾಕಿಕೊಂಡು, ಒಂದು ಕಣ್ಣನ್ನು ಮುಚ್ಚಿ, 30 ಸೆಂಟಿಮೀಟರು ದೂರದಿಂದ ಚುಕ್ಕೆಯನ್ನೇ ನೋಡಬೇಕು. ಆಮೇಲೆ ಇನ್ನೊಂದು ಕಣ್ಣಿನಿಂದ. ಎರಡೂ ಕಣ್ಣು ತೆರೆದಿದ್ದರೆ ಒಂದರ ದೋಷವನ್ನು ಮತ್ತೊಂದು ಮುಚ್ಚಿಬಿಡುತ್ತದೆ. ಗೆರೆ ಡೊಂಕಾಗಿಯೋ ಮನೆ ಅಳಿಸಿದಂತೆಯೋ ಕಂಡರೆ ವಾರ ಕಳೆಯಲು ಬಿಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ಗೆರೆಗಳು ನೇರವಾಗಿಯೇ ಕಂಡವೆಂದು ಕಣ್ಣು ನಿರೋಗಿಯೆಂದು ತೀರ್ಮಾನಿಸಬಾರದು. ಮಧ್ಯಮ ಅವಸ್ಥೆಯ ದೊಡ್ಡ ಗುಳ್ಳೆಗಳು ಈ ಪಟಕ್ಕೆ ಸಿಕ್ಕದೆ ಹೋಗಬಹುದು. ಅವನ್ನು ಕಾಣಬೇಕಾದರೆ ಕಣ್ಣಿನೊಳಗನ್ನೇ ನೋಡಬೇಕು.